ದವಾಖಾನೆಯ ಬಾಗಿಲಿಗೆ ಒಂದು ಮುಖ

ಸೇಡಂ
೩ ಫೆಬ್ರುವರಿ ೧೯೪೧

ಚಿ. ಸೌ. ನೀಲಾಬಾಯಿಗೆ ರೇವಣಪ್ಪನ ಆಶೀರ್ವಾದಗಳು.

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾದೀತು. ನಿನ್ನ ಅಕ್ಕ ಸೂಗಮ್ಮ ಹೆರಿಗೆಯಲ್ಲಿ ತೀರಿಕೊಂಡು ಹದಿನಾಲ್ಕು ವರ್ಷವಾಗುತ್ತ ಬಂತು. ನಾನು ಎರಡನೆಯ ಸಂಸಾರ ಕಟ್ಟಿಕೊಂಡೆ, ನೀನು ಮದುವೆಯಾಗಿ ವಾಡಿಯ ರೇಲ್ವೆ ಮನೆಗೆ ಹೋದೆ. ಹೋಗಿಬರುವುದು ತಾನಾಗಿಯೇ ನಿಂತಿತು. ತಪ್ಪು ಯಾರದೂ ಅಲ್ಲ, ಕಾಲದ್ದು.

ಈಗ ಸಂತೋಷದ ಸುದ್ದಿ. ಸೇಡಂ ಸ್ಟೇಶನ್ನಿನ ಹತ್ತಿರ ನಮ್ಮ ಜಮೀನಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ದವಾಖಾನೆ ಕಟ್ಟಿಸುತ್ತಿದ್ದೇನೆ. ಹೆಸರು ಸೂಗಮ್ಮ ಜನಾನಾ ದವಾಖಾನೆ. ಹೈದರಾಬಾದಿನಿಂದ ಹಮೀದಾಬೇಗಂ ಎಂಬ ಡಾಕ್ಟರಮ್ಮ ಬರಲು ಒಪ್ಪಿದ್ದಾರೆ. ತಹಶೀಲ್ದಾರ ಅಮೀರ್ ಅಲಿ ಸಾಹೇಬರು ನಕಾಶೆ ನೋಡಿ, "ವಾಹ್ ರೇವಣಪ್ಪ, ನಿಮ್ಮ ಹೆಸರು ಉಳೀತದ" ಎಂದರು. ಬರೀ ಗೋಡೆ, ಕಿಟಕಿ ಇದ್ದರೆ ಗೋದಾಮಿನ ಹಾಗೆ ಕಾಣುತ್ತದೆ. ಅದಕ್ಕೇ ಗೇಟಿನ ಎರಡೂ ಕಡೆ ಕಲ್ಲಿನ ಆನೆ, ಅಂಗಳದಲ್ಲಿ ಕಮಲದ ಆಕಾರದ ನೀರಿನ ತೊಟ್ಟಿ, ಮುಂಬಾಗಿಲ ಪಕ್ಕಕ್ಕೆ ಶಹಾಬಾದ ಕಲ್ಲಿನಲ್ಲಿ ಕೆತ್ತಿದ ಸೂಗಮ್ಮನ ಮೂರ್ತಿ. ಇದು ನನ್ನ ಯೋಚನೆ.

ತೊಂದರೆ ಒಂದೇ. ಅವಳ ಫೋಟೋ ಇಲ್ಲ. ನಮ್ಮ ಮನೆಯ ರೀತಿ ನಿನಗೆ ಗೊತ್ತಲ್ಲ, ಹಿರಿಯರ ಎದುರು ಸೆರಗು ಕೆಳಗಿಳಿಯುತ್ತಿರಲಿಲ್ಲ. ನನಗೂ ವಯಸ್ಸಾಯಿತು, ನೂರೆಂಟು ಕೆಲಸದಲ್ಲಿ ನೆನಪು ಕೊಂಚ ಮಸುಕಾಗಿದೆ. ನಿಮ್ಮ ತಾಯಿ ತಂದೆ ಈಗಿಲ್ಲ. ಉಳಿದವಳು ನೀನೊಬ್ಬಳೇ. ಕಲ್ಲು ಕೆತ್ತುವ ಹಣಮಪ್ಪ ಇರುವುದು ರಾವೂರಿನಲ್ಲಿ, ನಿನ್ನ ಮನೆಗೆ ಹತ್ತಿರ. ಅವನ ಬಳಿ ಕುಳಿತು ಮುಖ ಹೇಳಿ ಕೊಡು. ನಿನ್ನ ಅಕ್ಕನ ಆತ್ಮಕ್ಕೆ ಶಾಂತಿ ಸಿಕ್ಕೀತು.

ರೇವಣಪ್ಪ


ವಾಡಿ
೧೧ ಫೆಬ್ರುವರಿ ೧೯೪೧

ಪೂಜ್ಯ ಭಾವನವರಿಗೆ ನೀಲಾಬಾಯಿಯ ಶರಣಾರ್ಥಿ.

ಕಾಗದ ತಲುಪಿತು. ಓದಿ ಮೈ ಜುಮ್ಮೆಂದಿತು. ಅಕ್ಕನ ಹೆಸರಿನಲ್ಲಿ ಹೆರಿಗೆಯ ದವಾಖಾನೆ! ಇದನ್ನು ನೋಡಲು ನಮ್ಮವ್ವ ಇರಬೇಕಿತ್ತು. ನೀವು ಹೇಳಿದ ಕೆಲಸ ನಾನು ಮಾಡದಿದ್ದರೆ ಇನ್ನಾರು ಮಾಡಬೇಕು?

ನನ್ನವು ಎರಡು ಮಾತು, ಸಿಟ್ಟಾಗಬೇಡಿ. ಆನೆಗಳನ್ನು ಬಿಟ್ಟುಬಿಡಿ. ಹೊಟ್ಟೆ ಹಿಡಿದುಕೊಂಡು ಬರುವ ಹೆಂಗಸಿಗೆ ಬಾಗಿಲಲ್ಲಿ ಆನೆ ಯಾಕೆ? ಅಲ್ಲಿ ಕುಳಿತು ಸುಧಾರಿಸಿಕೊಳ್ಳಲು ಎರಡು ಕಟ್ಟೆ ಕಟ್ಟಿಸಿ. ಇನ್ನು ಮೂರ್ತಿ. ಅದನ್ನು ಬಹಳ ಮೇಲೆ ಕೂಡಿಸಬೇಡಿ, ಹೊಸ್ತಿಲ ಬಲಕ್ಕೆ, ನೆಲದಿಂದ ಒಂದು ಮೊಳದ ಪೀಠದ ಮೇಲೆ ಇರಲಿ. ದೀಪದ ಗೂಡು ಪಾದದ ಹತ್ತಿರವೇ ಇರಲಿ. ದೀಪ ಹಚ್ಚುವವರು ಎಷ್ಟೇ ದೊಡ್ಡವರಾದರೂ ಬಗ್ಗಿ ಹಚ್ಚಬೇಕು. ನೋಡುವವರಿಗೆ ಅದು ಚೆಂದ.

ಮುಖದ ವಿಷಯಕ್ಕೆ ಬಂದರೆ, ನನಗೆ ಎಲ್ಲ ನೆನಪಿದೆ. ಅಗಲವಾದ ಮೂಗು, ಎಡಹುಬ್ಬಿನ ನಡುವೆ ಸೀಳಿದ ಗುರುತು, ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ. ಆ ಹಚ್ಚೆ ಎರಡು ಚುಕ್ಕೆಯೋ ಮೂರೋ ಎಂದು ಮಾತ್ರ ಒಂದು ಅನುಮಾನ. ನಿಮಗೆ ನೆನಪಿದ್ದೇ ಇರುತ್ತದೆ. ದಯವಿಟ್ಟು ಬರೆದು ತಿಳಿಸಿ.

ನೀಲಾಬಾಯಿ


ವಾಡಿ
೧೧ ಫೆಬ್ರುವರಿ ೧೯೪೧
(ಅಂಚೆಗೆ ಹಾಕಿಲ್ಲ)

ರೇವಣಪ್ಪಾ,

ಈಗಷ್ಟೇ ನಿನಗೆ ಬೆಲ್ಲದಂಥ ಕಾಗದ ಬರೆದು ಅಂಟಿಸಿದೆ. ಬಾಯಿಯೆಲ್ಲ ಕಹಿಯಾಗಿದೆ. ಇದನ್ನು ಬರೆದರೆ ಮಾತ್ರ ಊಟ ಸೇರೀತು, ಅದಕ್ಕೆ ಬರೆಯುತ್ತಿದ್ದೇನೆ. ಇದು ನಿನ್ನ ಕೈಗೆ ಬರುವುದಿಲ್ಲ.

ನೆನಪು ಮಸುಕಾಗಿದೆಯಂತೆ! ಒಂದೇ ಸೂರಿನಡಿ ಆರು ವರ್ಷ ಬಾಳಿದ ಹೆಂಡತಿಯ ಮುಖ ಮಸುಕಾಗಿದೆಯಂತೆ! ಶ್ರಾವಣದ ಆ ಸೋಮವಾರವೂ ಮಸುಕಾಗಿದೆಯೇ? ನನಗೆ ಹದಿನಾಲ್ಕು ವರ್ಷ. ಅಕ್ಕನ ಬಾಣಂತನಕ್ಕೆ ಕೈಯಾಸರೆಗೆಂದು ಅವ್ವ ನನ್ನನ್ನು ನಿನ್ನ ಮನೆಗೆ ಕಳಿಸಿದ್ದಳು. ದಿನ ತುಂಬುವ ಮುಂಚೆಯೇ ಬೇನೆ ಬಂತು. ಮಧ್ಯಾಹ್ನದ ಹೊತ್ತು. ನಾನು ಬರಿಗಾಲಲ್ಲಿ ಓಡಿ ಸೂಲಗಿತ್ತಿ ಮರೆಮ್ಮನನ್ನು ಕರೆತಂದೆ. ಸೇಡಮಿನ ಅರ್ಧ ಊರು ಅವಳ ಕೈಯಲ್ಲಿ ಹುಟ್ಟಿದ್ದು. ನಿನ್ನ ಮನೆಯಲ್ಲಿ ಅಂದು ಸ್ವಾಮಿಗಳ ಪಾದಪೂಜೆ. ನೀನು ಹೊಸ್ತಿಲಲ್ಲಿ ನಿಂತು, ಅವಳ ಕಡೆ ನೋಡದೆ, ನೆಲ ನೋಡುತ್ತ ಹೇಳಿದೆ: "ಪೂಜಿ ಮುಗೀಲಿ. ಆಮ್ಯಾಗ ಬರ್ಲಿ ಆಕಿ."

ಮರೆಮ್ಮ ಬೇವಿನ ಗಿಡದ ಕೆಳಗೆ ಕುಳಿತಳು. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. "ಯಪ್ಪಾ, ಒಂದ್ ಮಾತ ಹೇಳ್ತೀನಿ, ಆಕಿ ದನಿ ಕೇಳಿದ್ರ ಕೂಸು ಅಡ್ಡ ಇದ್ದಂಗದ, ನನ್ನ ಒಳಗ ಬಿಡ್ರಿ" ಎಂದು ಮರೆಮ್ಮ ಮೂರು ಸಲ ಬಂದು ಕೇಳಿದಳು. ಮೂರು ಸಲವೂ ನೀನು ಹೂಬುಟ್ಟಿ ಹಿಡಿದುಕೊಂಡು ತಿರುಗಿದೆ. ಪೂಜೆ ಮುಗಿಯಿತು. ಅಕ್ಕನೂ ಮುಗಿದಳು, ಕೂಸೂ ಮುಗಿಯಿತು.

ನಾಳೆ ಸತ್ತರೂ ಮರೆಯುವುದಿಲ್ಲ. ಆದರೂ ಒಂದು ಅವಕಾಶ ಕೊಟ್ಟಿದ್ದೇನೆ. ಅಕ್ಕನ ಗದ್ದದ ಮೇಲೆ ಹಚ್ಚೆಯೇ ಇರಲಿಲ್ಲ. ಹಚ್ಚೆ ಹಾಕುವವಳು ಓಣಿಗೆ ಬಂದರೆ ಅವಳು ಜೋಳದ ಕಣಕಿಯ ಬಣವೆ ಏರಿ ಕೂಡುತ್ತಿದ್ದಳು, ಅಷ್ಟು ಹೆದರಿಕೆ ಸೂಜಿ ಕಂಡರೆ. ನಾನು ಬರೆದ ಮೂಗು, ಹುಬ್ಬು, ಚುಕ್ಕೆ ಎಲ್ಲ ಮರೆಮ್ಮನವು. "ಅವಳಿಗೆ ಹಚ್ಚೆ ಇರಲಿಲ್ಲ ನೀಲಾ" ಎಂದು ನೀನು ಒಂದೇ ಸಾಲು ಬರೆದರೆ ಸಾಕು, ಅವಳ ಖರೆ ಮುಖ ಹಣಮಪ್ಪನಿಗೆ ಹೇಳಿ, ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ. ಆ ಮುಖ ನನ್ನ ಹತ್ತಿರ ಇದೆ. ಈ ಕಾಗದಕ್ಕೂ ಅದನ್ನು ಕೊಡುವುದಿಲ್ಲ.


ಸೇಡಂ
೨೦ ಫೆಬ್ರುವರಿ ೧೯೪೧

ಚಿ. ಸೌ. ನೀಲಾಬಾಯಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಎದೆ ತುಂಬಿಬಂತು. ಮೂರೇ ಚುಕ್ಕೆ! ಅದರಲ್ಲಿ ಅನುಮಾನವೇನು? ಆ ಮೂರು ಚುಕ್ಕೆಗಳನ್ನು ಮರೆಯಲಾದೀತೆ? ಅವಳು ನಕ್ಕರೆ ಮೂರೂ ಒಟ್ಟಿಗೆ ಸೇರುತ್ತಿದ್ದವು. ಹುಬ್ಬಿನ ಗುರುತು ಚಿಕ್ಕಂದಿನಲ್ಲಿ ಬಿದ್ದದ್ದು ಎಂದು ಅವಳೇ ಒಮ್ಮೆ ಹೇಳಿದ ಹಾಗೆ ನೆನಪು. ನೀನು ಬರೆದಂತೆ ಬರೆದಂತೆ ನನ್ನ ಕಣ್ಣ ಮುಂದೆ ಮುಖ ಎದ್ದು ನಿಂತಿತು.

ಆನೆ ಬೇಡವೆಂದರೆ ಬೇಡ, ಮನಸ್ಸಿಲ್ಲದಿದ್ದರೂ ಬಿಟ್ಟೆ. ಕಟ್ಟೆ ಕಟ್ಟಿಸುತ್ತೇನೆ. ಅಮೀರ್ ಅಲಿ ಸಾಹೇಬರು, ಮನುಷ್ಯರ ಮೂರ್ತಿಗಿಂತ ಹೂಬಳ್ಳಿ ಕೆತ್ತಿಸಿದರೆ ಒಳ್ಳೆಯದಲ್ಲವೇ ಎಂದರು. "ಸಾಹೇಬ್ರ, ಇದು ನನ್ನ ಮನಿ ಲಕ್ಷ್ಮಿದ್ದು, ಇದರಾಗ ನನ್ನ ಮಾತು ನಡೀಲಿ" ಎಂದೆ. ನಕ್ಕು ಒಪ್ಪಿದರು. ಬಳ್ಳಿಯನ್ನು ಸುತ್ತಲಿನ ಅಂಚಿಗೆ ಹಾಕಿಸೋಣ. ಪೀಠದ ಮೇಲೆ ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಹೆಸರು ಬರಲಿ. ಪಾದದ ಹತ್ತಿರ ದೀಪದ ಮಾತು ಬಹಳ ಹಿಡಿಸಿತು. ಮೊದಲ ದೀಪ ನಾನೇ ಹಚ್ಚುತ್ತೇನೆ, ಆಮೇಲೆ ಪ್ರತಿ ಸೋಮವಾರವೂ ನಾನೇ.

ರೇವಣಪ್ಪ


ವಾಡಿ
೨ ಮಾರ್ಚ್ ೧೯೪೧

ಪೂಜ್ಯ ಭಾವನವರಿಗೆ,

ಅನುಮಾನ ಹರಿಯಿತು. ನಿಮ್ಮ ಪತ್ರದ ನಂತರ ಇನ್ನು ಯೋಚಿಸುವುದು ಏನೂ ಉಳಿದಿಲ್ಲ. ಬರುವ ಭಾನುವಾರ ರಾವೂರಿಗೆ ಹೋಗುತ್ತೇನೆ.

ನೀಲಾಬಾಯಿ


ವಾಡಿ
೯ ಮಾರ್ಚ್ ೧೯೪೧
(ಅಂಚೆಗೆ ಹಾಕಿಲ್ಲ)

ರೇವಣಪ್ಪಾ,

ನಕ್ಕರೆ ಮೂರು ಚುಕ್ಕೆ ಸೇರುತ್ತಿದ್ದವೇ! ನಿನ್ನ ಮನೆಯಲ್ಲಿ ಅವಳು ನಕ್ಕದ್ದನ್ನು ನಾನಂತೂ ಕಾಣೆ. ಒಂದು ಸುಳ್ಳು ಕೇಳಿದೆ, ನೀನು ನಾಲ್ಕು ಸೇರಿಸಿ ಕಳಿಸಿದೆ.

ಮರೆಮ್ಮ ಈಗ ಐದು ವರ್ಷದಿಂದ ರಾವೂರಿನಲ್ಲೇ ಇದ್ದಾಳೆ. ಅಳಿಯ ಅಲ್ಲಿನ ಕಲ್ಲಿನ ಗಣಿಯಲ್ಲಿ ಕೂಲಿ. ಹಣಮಪ್ಪನಿಗೆ ನಾನು ಒಳಗುಟ್ಟೆಲ್ಲ ಬಿಚ್ಚಿ ಹೇಳಿದೆ, ಮುಚ್ಚಿಡಲಿಲ್ಲ. ಅವನು ಉಳಿ ಕೆಳಗಿಟ್ಟ. "ನನ್ನ ಸಣ್ಣವು ಎರಡೂ ಮಕ್ಕಳು ಆಕಿ ಕೈಯಾಗ ಹುಟ್ಟ್ಯಾವ್ರಿ ಅಕ್ಕಾ. ಆಕಿನ ಮೂರ್ತಿ ಮಾಡಾಕ ನನಗೇನೂ ಅಡ್ಡಿ ಇಲ್ಲ. ಆದರ ಈ ಕಲ್ಲು ಪದರು ಪದರು ಬಿಡ್ತದ, ಭಾಳ ಆಳ ಕೆತ್ತಂಗಿಲ್ಲ. ಹಗುರಕ ಕೆತ್ತತೀನಿ" ಎಂದ. ಅಕ್ಕನಿಗೆ ಹತ್ತೊಂಬತ್ತು ಆಗಿತ್ತಲ್ಲ, ಅದಕ್ಕೆ ವಯಸ್ಸು ಕಡಿಮೆ ಮಾಡಿ ಕೆತ್ತಲು ಹೇಳಿದೆ.

ಮರೆಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು.

"ನನ್ನ ಮಾರಿಗಿ ಅಂವ ಕೈ ಮುಗದ್ರ ನನಗೇನು ಬರ್ತದವ್ವಾ?" ಎಂದಳು.

"ನಿನಗೇನೂ ಬರೂದಿಲ್ಲ. ನನಗ ಬರ್ತದ" ಎಂದೆ.

"ನಿನಗೂ ಏನೂ ಬರೂದಿಲ್ಲ" ಎಂದಳು. ಆದರೂ ಕುಳಿತಳು. ನಾನು ಅಳುತ್ತಿದ್ದೆ, ಅದಕ್ಕೇ ಕುಳಿತಳೋ ಏನೋ. ಇವತ್ತೇ ಹಣಮಪ್ಪ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಗೆರೆ ಎಳೆದ. ನಾನು ಪಕ್ಕದಲ್ಲೇ ನಿಂತು ಮೂಗು ಇನ್ನಷ್ಟು ಅಗಲ, ಹುಬ್ಬು ಇಲ್ಲಿ ಸೀಳಲಿ ಎಂದು ತಿದ್ದಿಸಿದೆ. ಕೆಲಸ ಮುಗಿಯುವವರೆಗೆ ಪ್ರತಿ ಭಾನುವಾರ ಹೋಗುತ್ತೇನೆ. ಒಂದು ಕೂದಲೆಳೆಯೂ ತಪ್ಪಬಾರದು. ಊರಿನವರು ನೋಡಿದ ಕೂಡಲೇ ಗುರುತು ಹಿಡಿಯಬೇಕು, ನೀನೊಬ್ಬನ ಹೊರತು.


ಸೇಡಂ
೩೦ ಏಪ್ರಿಲ್ ೧೯೪೧

ಚಿ. ಸೌ. ನೀಲಾಬಾಯಿಗೆ,

ನಿನಗೆ ಹೇಳದೆ ಕಳೆದ ವಾರ ರಾವೂರಿಗೆ ಹೋಗಿ ಮೂರ್ತಿ ನೋಡಿಬಂದೆ. ಹಣಮಪ್ಪ ಗೋಣಿತಟ್ಟು ಸರಿಸಿದ. ನೋಡಿದ್ದೇ ತಡ ಕಣ್ಣಲ್ಲಿ ನೀರು ಬಂತು. ಅವಳೇ. ಅದೇ ಮೂಗು, ಅದೇ ಗದ್ದ. ಹದಿನಾಲ್ಕು ವರ್ಷದ ಮೇಲೆ ನನ್ನ ಸೂಗಮ್ಮ ಎದುರಿಗೆ ಬಂದು ನಿಂತ ಹಾಗಾಯಿತು. ಹಣಮಪ್ಪನ ಕೈ ಹಿಡಿದುಕೊಂಡೆ. ಅವನು ನಾಚಿ ತಲೆ ತಗ್ಗಿಸಿದ, ಪಾಪ, ಒಳ್ಳೆಯ ಮನುಷ್ಯ.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಈಚೆಗೆ ಯಾಕೋ ಅವಳ ಮುಖ ಜ್ಞಾಪಿಸಿಕೊಳ್ಳಲು ಹೋದರೆ ಬರೀ ಹಸಿರು ಸೆರಗು ಕಾಣುತ್ತಿತ್ತು. ಇನ್ನು ಹಾಗಾಗದು. ನಿನ್ನ ಉಪಕಾರ ದೊಡ್ಡದು.

ಜೂನ್ ೯, ಸೋಮವಾರ ಬೆಳಿಗ್ಗೆ ಉದ್ಘಾಟನೆ. ಸ್ವಾಮಿಗಳು ಬರುತ್ತಾರೆ, ಸಾಹೇಬರು ಬರುತ್ತಾರೆ. ನೀನು ಎಲ್ಲರಿಗಿಂತ ಮುಂದೆ ಕೂಡಬೇಕು.

ರೇವಣಪ್ಪ


ವಾಡಿ
೧೬ ಜೂನ್ ೧೯೪೧

ರೇವಣಪ್ಪನವರಿಗೆ,

ನೀವು ಹೇಳಿದ ಹಾಗೆ ಮುಂದೆಯೇ ಕುಳಿತಿದ್ದೆ. ಎಲ್ಲ ಕಂಡೆ. ಪರದೆ ಸರಿದಾಗ ಅಷ್ಟು ಜನ ಯಾಕೆ ಒಮ್ಮೆಲೇ ಸುಮ್ಮನಾದರು ಎಂದು ನೀವು ಯೋಚಿಸಲಿಲ್ಲವೇ? ಭಕ್ತಿ ಅಂದುಕೊಂಡಿರಿ. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಅದನ್ನು ಅಳು ಅಂದುಕೊಂಡಿರಿ. ನೀವು ಸೊಂಟ ಬಗ್ಗಿಸಿ ದೀಪ ಹಚ್ಚಿದಿರಿ. ವಿಭೂತಿ ಹಚ್ಚಿದಿರಿ, ಹೂ ಏರಿಸಿದಿರಿ, ಆಮೇಲೆ ಹಣೆಯನ್ನು ಕಲ್ಲಿನ ಪಾದಕ್ಕೆ ಇಟ್ಟಿರಿ. ಅಷ್ಟು ನಾನು ಕೇಳಿರಲಿಲ್ಲ. ಅದು ನಿಮ್ಮ ಮನಸ್ಸಿನಿಂದಲೇ ಬಂತು.

ಅದು ನನ್ನ ಅಕ್ಕನ ಪಾದವಲ್ಲ. ಸೂಲಗಿತ್ತಿ ಮರೆಮ್ಮನದು. ಪೂಜೆ ಮುಗಿಯಲಿ ಎಂದು ನೀವು ಬೇವಿನ ಗಿಡದ ಕೆಳಗೆ ಕೂಡಿಸಿದಿರಲ್ಲ, ಆ ಮರೆಮ್ಮನದು. ಮೂಗು ಅವಳದು, ಹುಬ್ಬು ಅವಳದು, ನಕ್ಕರೆ ಒಟ್ಟಿಗೆ ಸೇರುವ ಆ ಮೂರು ಚುಕ್ಕೆಯೂ ಅವಳದೇ. ಎದುರಿಗೆ ಬಂದು ಮೂರು ಸಲ ಅಂಗಲಾಚಿದವಳ ಮುಖ ನೀವು ನೋಡಿರಲಿಲ್ಲ. ಕಟ್ಟಿಕೊಂಡವಳ ಮುಖವನ್ನೂ ನೋಡಿರಲಿಲ್ಲ. ಇಬ್ಬರ ಮುಖದಲ್ಲಿ ಒಂದಾದರೂ ಗೊತ್ತಿದ್ದರೆ ನನ್ನ ಆಟ ಕೆಡುತ್ತಿತ್ತು. ಇಡೀ ಸೇಡಮಿಗೆ ಗೊತ್ತಾಯಿತು, ನಿಮಗೆ ಗೊತ್ತಾಗಲಿಲ್ಲ.

ಈಗ ಒಡೆಸಿ ಹಾಕಿ ನೋಡೋಣ. ಯಾಕೆ ಒಡೆಸಿದಿರಿ ಎಂದು ಸ್ವಾಮಿಗಳು ಕೇಳುತ್ತಾರೆ, ಸಾಹೇಬರು ಕೇಳುತ್ತಾರೆ. ಹೆಂಡತಿಯ ಮುಖ ನನಗೆ ಗೊತ್ತಿರಲಿಲ್ಲ ಎಂದು ನಿಮ್ಮ ಬಾಯಿಂದ ಹೇಳಬೇಕು. ಒಡೆಸದಿದ್ದರೆ ಸೋಮವಾರ ಸೋಮವಾರ ಅವಳ ಮುಂದೆ ಬಗ್ಗಬೇಕು. ಎರಡರಲ್ಲಿ ಯಾವುದಾದರೂ ಆರಿಸಿಕೊಳ್ಳಿ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದೆ.

ನೀಲಾಬಾಯಿ


ಸೇಡಂ
೨೫ ಜುಲೈ ೧೯೪೧

ಶ್ರೀಮತಿ ನೀಲಾಬಾಯಿಯವರಿಗೆ,

ಉತ್ತರ ತಡವಾಯಿತು. ಕೆಲಸ ಮುಗಿಸಿ ಬರೆಯೋಣವೆಂದು ಕಾದೆ.

ನಿಮ್ಮ ಕಾಗದ ಬಂದ ದಿನ ಸುತ್ತಿಗೆ ಹಿಡಿದುಕೊಂಡು ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕಟ್ಟೆಯ ಮೇಲೆ ಕುಳಿತು ಯೋಚಿಸಿದೆ. ನೀವು ಎರಡು ದಾರಿ ಬರೆದಿದ್ದಿರಿ. ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಮೂರನೆಯದು ಇದ್ದೇ ಇರುತ್ತದೆ.

ಹಣಮಪ್ಪನನ್ನು ಕರೆಸಿದೆ. ಪೀಠದ ಮೇಲಿನ ಹೆಸರನ್ನು ಉಜ್ಜಿಸಿ ತೆಗೆಸಿದೆ. ಅಲ್ಲಿ ಈಗ "ಸೂಲಗಿತ್ತಿ ಮರೆಮ್ಮ" ಎಂದು ಕೆತ್ತಿಸಿದೆ. ಗೇಟಿನ ಮೇಲಿನ ಹಲಗೆಯನ್ನೂ ಬದಲಿಸಿದೆ, ಈಗ ಅದು ಮರೆಮ್ಮ ಜನಾನಾ ದವಾಖಾನೆ. ನನ್ನ ಮನಸ್ಸಿನಲ್ಲಿ ಮೊದಲಿನಿಂದ ಇದೇ ಇತ್ತು, ಜನ ಒಪ್ಪುತ್ತಾರೋ ಇಲ್ಲವೋ ಎಂದು ಹೆಂಡತಿಯ ಹೆಸರಿನ ಮರೆಯಲ್ಲಿ ಮಾಡಿದೆ ಎಂದು ಊರವರನ್ನೆಲ್ಲ ಮತ್ತೆ ಕೂಡಿಸಿ ಸಭೆಯಲ್ಲಿ ಹೇಳಿದೆ. ಅಮೀರ್ ಅಲಿ ಸಾಹೇಬರು ಎದ್ದು ಬಂದು ತಬ್ಬಿಕೊಂಡರು. ಜಾತಿ ನೋಡದೆ ಸೂಲಗಿತ್ತಿಯ ಪಾದಕ್ಕೆ ಹಣೆ ಇಟ್ಟ ನಿಜವಾದ ಶರಣ ಎಂದು ಸ್ವಾಮಿಗಳು ಶಾಲು ಹೊದಿಸಿದರು. ಚಿತ್ತಾಪುರ, ಚಿಂಚೋಳಿಯಿಂದ ಜನ ನೋಡಲು ಬರುತ್ತಿದ್ದಾರೆ. ನಕ್ಕವರೇ ಈಗ ಕೈ ಮುಗಿಯುತ್ತಾರೆ, ಮೂರ್ತಿಗಷ್ಟೇ ಅಲ್ಲ, ನನಗೂ. ಇಷ್ಟು ಮಾನ ನನಗೆ ನನ್ನ ಆನೆಗಳಿಂದ ಬರುತ್ತಿರಲಿಲ್ಲ.

ಅಂದು ಪೂಜೆ ಮುಗಿಯಲಿ ಎಂದವನು ನಾನೇ. ಸೂಗಮ್ಮನ ಮುಖ ನನಗೆ ಗೊತ್ತಿರಲಿಲ್ಲ, ಅದೂ ಖರೆ. ಗೊತ್ತಿದ್ದವರು ಈ ಭೂಮಿಯ ಮೇಲೆ ನೀವೊಬ್ಬರೇ ಇದ್ದಿರಿ. ಕಲ್ಲು ನಾನು ಕೊಟ್ಟೆ, ಕೆತ್ತುವವನನ್ನು ಕೊಟ್ಟೆ, ಬಾಗಿಲು ಕೊಟ್ಟೆ. ನೀವು ಮುಖ ಕೊಡಲಿಲ್ಲ. ಈಗ ಆ ದವಾಖಾನೆಯಲ್ಲಿ ನಿಮ್ಮ ಅಕ್ಕನ ಮುಖವಿಲ್ಲ, ಹೆಸರೂ ಇಲ್ಲ. ಹೆಸರು ತೆಗೆಸಿದ್ದು ನಾನು. ಮುಖ ತೆಗೆದದ್ದು ನೀವು.

ರೇವಣಪ್ಪ


ವಾಡಿ
೧೪ ಸೆಪ್ಟೆಂಬರ್ ೧೯೪೧

ಭಾವನವರಿಗೆ,

ನಿಮ್ಮ ಕಾಗದ ಓದಿ ಹರಿದು ಒಲೆಗೆ ಹಾಕಿದೆ. ಶಾಲು ಹೊದ್ದುಕೊಂಡು ಬದುಕಿ, ಅದು ನಿಮಗೆ ತಕ್ಕದ್ದೇ. ನಿಮ್ಮಂಥವರು ಕೆಸರಿನಲ್ಲಿ ಬಿದ್ದರೂ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಏಳುತ್ತೀರಿ.

ನಿಮ್ಮ ಹಂಗಿಲ್ಲದೆ ಅಕ್ಕನ ಒಂದು ಸಣ್ಣ ಮೂರ್ತಿ ಮಾಡಿಸಿ ನನ್ನ ಮನೆಯಲ್ಲೇ ಇಟ್ಟುಕೊಳ್ಳೋಣವೆಂದು ರಾವೂರಿಗೆ ಹೋದೆ. ಹಣಮಪ್ಪ ಕಲ್ಲು ಹಾಸಿ, ಸೀಮೆಸುಣ್ಣ ಹಿಡಿದು, "ಹೇಳ್ರಿ ಅಕ್ಕಾ" ಎಂದ. ಹೇಳಿದೆ. ಅವನು ಗೆರೆ ಎಳೆದ. ಮೂಗು ಅಗಲವಾಯಿತು. ಅಲ್ಲ ಅಂದೆ, ಒರೆಸಿದ. ಮತ್ತೆ ಹೇಳಿದೆ. ಹುಬ್ಬು ಸೀಳಿತು. ಅಲ್ಲ, ಅಲ್ಲ ಅಂದೆ. ಹಾಗಾದರೆ ಹೇಗಿತ್ತು ಎಂದು ಕೇಳಿದ. ಗೆರೆಗಳನ್ನೆಲ್ಲ ನಾನೇ ಸೆರಗಿನಿಂದ ಒರೆಸಿ ಎದ್ದುಬಂದೆ. ಆರು ಭಾನುವಾರ ಹೋದೆ. ಆರು ಸಲವೂ ಮರೆಮ್ಮನೇ ಬಂದಳು. ಕಣ್ಣು ಮುಚ್ಚಿದರೂ ಅವಳೇ. ಮೊನ್ನೆ ಕನಸಿನಲ್ಲಿ ಅಕ್ಕ ಬಂದು "ನೀಲಾ" ಎಂದಳು. ದನಿ ಅವಳದು, ಗದ್ದದ ಮೇಲೆ ಮೂರು ಚುಕ್ಕೆ.

ಮರೆಮ್ಮನನ್ನು ಕೇಳಿದೆ, ನೀನಾದರೂ ಅವಳನ್ನು ಕಂಡಿದ್ದೆಯಲ್ಲ ಎಂದು. "ಎಲ್ಲಿದವ್ವಾ, ಆ ಮನಿ ಸೊಸಿ ಹೊರಗ ಬರ್ತಿದ್ದಿಲ್ಲ. ನಾ ಆಕಿನ ದನಿ ಅಷ್ಟ ಕೇಳೀನಿ, ಮಾರಿ ನೋಡಿಲ್ಲ" ಎಂದು ನನ್ನ ತಲೆ ಸವರಿದಳು.

ಸುಳ್ಳು ಹೇಳಿ ಹೇಳಿ, ತಿದ್ದಿ ತಿದ್ದಿ, ನಾನೇ ಅವಳನ್ನು ಅಳಿಸಿಬಿಟ್ಟೆ. ನಿಮ್ಮ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಸತ್ತರೂ ಕ್ಷಮಿಸುವುದಿಲ್ಲ. ಆದರೆ ಕೇಳಲು ಬೇರೆ ಯಾರೂ ಉಳಿದಿಲ್ಲ.

ಆರು ವರ್ಷ ಅವಳು ನಿಮಗೆ ಬಡಿಸಿದ್ದಾಳೆ. ಒಂದು ಸಲವಾದರೂ ನೀವು ತಲೆ ಎತ್ತಿರಬೇಕು, ಒಂದು ಸಲವಾದರೂ ಆ ಹಸಿರು ಸೆರಗು ಜಾರಿರಬೇಕು. ನನ್ನನ್ನು ಮೆಚ್ಚಿಸಲು ಏನೂ ಕಟ್ಟಬೇಡಿ. ಕಿವಿಯೋ, ಹಣೆಯೋ, ಒಂದು ಹಲ್ಲೋ, ಏನಾದರೂ ಖರೆಯಾಗಿ ಕಂಡದ್ದಿದ್ದರೆ ಬರೆಯಿರಿ. ಇಲ್ಲದಿದ್ದರೆ ಇಲ್ಲವೆಂದಾದರೂ ಬರೆಯಿರಿ, ಭಾವ. ಟಪಾಲಿನವನು ಬರುವ ಹೊತ್ತಿಗೆ ದಿನಾಲೂ ಬಾಗಿಲಲ್ಲಿ ನಿಂತಿರುತ್ತೇನೆ.

ನೀಲಾ